‘ಯಾವು’ ಅಂದರೆ ‘ಯಾವುದು’ ಅಲ್ಲ

(ಉಡುಪಿಯಲ್ಲಿ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದೆ. ಅದನ್ನು ಪೂರ್ತಿ ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ಕೊಡೆಗಳನ್ನೆಲ್ಲ ಬಾಗಿಲ ಹತ್ತಿರ ಇಟ್ಟಿದ್ದೀರಿ. ಹೋಗುವಾಗ ದಯವಿಟ್ಟು ನಿಮ್ಮದೇ ತೆಗೆದುಕೊಳ್ಳಿ. ಕಪ್ಪು ಕೊಡೆಗಳೆಲ್ಲ ಒಂದೇ ಥರ ಇರುತ್ತವೆ, ಜಗಳ ಬೇಡ.

ನಾನು ಗದಗ ಕಡೆಯವಳು. ಉಡುಪಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಬಂದಾಗ ನನಗೆ ಇಲ್ಲಿಯ ಮಳೆಯೂ ಗೊತ್ತಿರಲಿಲ್ಲ, ತುಳುವೂ ಗೊತ್ತಿರಲಿಲ್ಲ. ಜೂನ್‌ನಲ್ಲಿ ಬಂದೆ, ನಾಲ್ಕನೇ ಕ್ಲಾಸು ಕೊಟ್ಟರು. ಆ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಅವನಿಗೆ ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತು, ಸದ್ದು-ಸ್ಪರ್ಶಗಳಿಗೆ ಸ್ಪಂದಿಸುವುದು ಹುಟ್ಟಿನಿಂದಲೇ ಬೇರೆ ಥರ ಇರುವ ಸ್ಥಿತಿ) ಇದೆ ಅನ್ನುವ ಕಾಗದ ಆಫೀಸ್ ರೂಮಿನ ಕಪಾಟಿನಲ್ಲಿತ್ತು. ಅದನ್ನು ಯಾರೂ ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಹುಡುಗನ ಹೆಸರು, ಶಾಲೆಯ ಹೆಸರು ಇಲ್ಲಿ ಹೇಳುವುದಿಲ್ಲ. ಕೆಲವು ವಿವರ ಬದಲಾಯಿಸಿದ್ದೇನೆ. ಅವನ ಅಮ್ಮನನ್ನು ಕೇಳಿಯೇ ಈ ಕತೆ ಹೇಳುತ್ತಿದ್ದೇನೆ.

ಗಣಿತದ ಪೀರಿಯಡ್. ನಾನು ಬೋರ್ಡಿನ ಮೇಲೆ ಭಾಗಾಕಾರ ಹಾಕುತ್ತಿದ್ದೆ. ಅವನು ಕೂತಲ್ಲಿಂದಲೇ ‘ಯಾವು, ಯಾವು’ ಅನ್ನುತ್ತಿದ್ದ. ನನಗೆ ಖುಷಿ. ಮಾತೇ ಆಡದ ಹುಡುಗ ಪ್ರಶ್ನೆ ಕೇಳುತ್ತಿದ್ದಾನಲ್ಲ! ‘ಇದು ಮಗಾ, ಈ ಲೆಕ್ಕ’ ಅಂತ ತೋರಿಸುತ್ತಿದ್ದೆ. ಮತ್ತೆ ‘ಯಾವು’. ಇನ್ನೂ ಹತ್ತಿರ ಹೋಗಿ, ಇನ್ನೂ ಜೋರಾಗಿ, ಬೆರಳಿಟ್ಟು ವಿವರಿಸುತ್ತಿದ್ದೆ. ಆಗ ಅವನು ಕಿರುಚುತ್ತಿದ್ದ. ಡೆಸ್ಕ್ ಬಡಿಯುತ್ತಿದ್ದ. ಒಂದು ದಿನ ಪಕ್ಕದವನ ಚೀಲವನ್ನು ಕಾಲಿನಿಂದ ಒದ್ದ. ನಾನು ನಮ್ಮ ವೃತ್ತಿಯ ಹಳೆಯ ಮಂತ್ರ ಹೇಳಿದೆ: ‘ಹೊರಗೆ ಹೋಗು.’

ಹೋದ. ಜಗಲಿಯಲ್ಲಿ ಕಂಬಕ್ಕೆ ಒರಗಿ, ಹೆಂಚಿನ ಅಂಚಿನಿಂದ ನೀರು ಬೀಳುವುದನ್ನು ನೋಡುತ್ತಾ ಸುಮ್ನೆ ಕೂತ. ಕಿರುಚಾಟ ಇಲ್ಲ, ಬಡಿತ ಇಲ್ಲ. ‘ನೋಡಿ, ಶಿಕ್ಷೆ ಕೊಟ್ಟರೆ ಬುದ್ಧಿ ಬರುತ್ತದೆ’ ಅಂತ ನಾನು ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು.

ಮುಂದಿನ ವಾರ ಕಿರುಚುವುದು ಜಾಸ್ತಿ ಆಯಿತು. ಅದರ ಮುಂದಿನ ವಾರ ಇನ್ನೂ ಜಾಸ್ತಿ. ಆಮೇಲೆ ಅವನು ‘ಯಾವು’ ಅನ್ನುವುದನ್ನೇ ಬಿಟ್ಟ. ಬೋರ್ಡಿನ ಕಡೆ ನಾನು ತಿರುಗಿದರೆ ಸಾಕು, ನೇರ ಕಿರುಚಾಟ. ನೇರ ಜಗಲಿ.

ಕೊನೆಗೆ ಮುಂದಿನ ಬೆಂಚಿನ ಒಬ್ಬಳು ಹುಡುಗಿಗೆ ನನ್ನ ಮೇಲೆ ಕನಿಕರ ಬಂತು ಅಂತ ಕಾಣುತ್ತದೆ. ‘ಟೀಚರ್, ಅವ ಯಾವುದು ಅಂತ ಕೇಳುವುದಲ್ಲ. ಸಾಕು ಅಂತ ಹೇಳುವುದು. ತುಳುವಿನಲ್ಲಿ ಯಾವು ಅಂದ್ರೆ ಸಾಕು.’

ನೀವು ನಗುತ್ತಿದ್ದೀರಿ. ನಗಬೇಕಾದದ್ದೇ. ನನಗೆ ಅವತ್ತು ನಗು ಬರಲಿಲ್ಲ. ಹುಡುಗ ಎರಡು ತಿಂಗಳು ದಿನಾ ಮರ್ಯಾದೆಯಿಂದ ‘ಸಾಕು’ ಅಂದಿದ್ದ. ನಾನು ದಿನಾ ಇನ್ನಷ್ಟು ಬಡಿಸಿದ್ದೆ. ಊಟದ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಅನ್ನ ಹಾಕುತ್ತಲೇ ಹೋದ ಹಾಗೆ. ಮಾತಿಗೆ ಬೆಲೆ ಇಲ್ಲ, ಕಿರುಚಿದರೆ ಬಿಡುಗಡೆ ಸಿಗುತ್ತದೆ ಅಂತ ಅವನು ಕಲಿತ. ಕಲಿಸಿದ್ದು ನಾನು. ಬಿ.ಎಡ್ ಮಾಡಿದ ಟೀಚರ್, ಪಾಠಯೋಜನೆ ಇಲ್ಲದೆ ಕಲಿಸಿದ ಅತ್ಯಂತ ಯಶಸ್ವಿ ಪಾಠ ಅದು.

ನಾವು ಶಿಕ್ಷಕರು ಗಲಾಟೆ ಆದ ಮೇಲಿನ ಒಂದು ನಿಮಿಷದ ಬಗ್ಗೆ ತುಂಬಾ ಯೋಚಿಸುತ್ತೇವೆ. ಬಯ್ಯಬೇಕಾ, ಹೊರಗೆ ಕಳಿಸಬೇಕಾ, ಅಮ್ಮನನ್ನು ಕರೆಸಬೇಕಾ ಅಂತ. ಗಲಾಟೆಗೆ ಮೊದಲಿನ ಹತ್ತು ನಿಮಿಷದ ಬಗ್ಗೆ ಯೋಚಿಸುವುದಿಲ್ಲ. ಇವತ್ತು ನನ್ನ ಮಾತೆಲ್ಲ ಆ ಹತ್ತು ನಿಮಿಷದ್ದೇ.

ಆ ಹುಡುಗಿ ಹೇಳಿದ ಮೇಲೆ ನಾನು ಬಿಆರ್‌ಸಿಗೆ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ನಮ್ಮ ಬಿಐಇಆರ್‌ಟಿ ಮೇಡಂ ಹತ್ತಿರ ಕೂತೆ. ಬಿಐಇಆರ್‌ಟಿ ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿ ಇರುವ ಸಂಪನ್ಮೂಲ ಶಿಕ್ಷಕರು. ಎಷ್ಟೋ ಪೋಷಕರಿಗೆ ಈ ಹುದ್ದೆ ಇದೆ ಅಂತಲೇ ಗೊತ್ತಿಲ್ಲ, ಕೇಳಿ ತಿಳಿದುಕೊಳ್ಳಿ. ಅವರು ನನ್ನ ಕತೆ ಪೂರ್ತಿ ಕೇಳಿದರು, ಬಯ್ಯಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಹಾಕಿ ಕೊಟ್ಟರು. ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನು ಸಿಕ್ಕಿತು. ಅಷ್ಟೇ. ‘ಹಟ ಮಾಡಿದ’ ಅಂತ ಬರೆಯುವ ಹಾಗಿಲ್ಲ. ‘ಡೆಸ್ಕನ್ನು ಬಲಗೈಯಿಂದ ಆರು ಸಲ ಬಡಿದ’ ಅಂತ ಬರೆಯಬೇಕು. ‘ಹಟ’ ಅನ್ನುವುದು ನಮ್ಮ ತೀರ್ಪು, ಬಡಿದದ್ದು ಕಣ್ಣಿಗೆ ಕಂಡದ್ದು.

ಎರಡು ವಾರ ಬರೆದೆ. ಬರೆದದ್ದನ್ನು ಒಂದು ಭಾನುವಾರ ಕೂತು ಓದಿದೆ. ಗಣಿತ ಅಂದರೆ ಅವನಿಗೆ ಆಗುವುದಿಲ್ಲ ಅಂತ ನಾನು ನಂಬಿದ್ದೆ. ಆದರೆ ನೋಟ್‌ಬುಕ್ ಬೇರೆ ಹೇಳಿತು. ಗಣಿತ ಇದ್ದೂ ಗಲಾಟೆ ಆಗದ ದಿನಗಳಿದ್ದವು. ಕನ್ನಡ ಪಾಠದಲ್ಲಿ ಗಲಾಟೆ ಆದ ದಿನಗಳೂ ಇದ್ದವು. ಗಲಾಟೆಯಾದ ಹೆಚ್ಚಿನ ದಿನಗಳಲ್ಲಿ ಮೊದಲ ಕಾಲಂನಲ್ಲಿ ಒಂದೇ ಪದ ಇತ್ತು: ಮಳೆ.

ನಮ್ಮ ಕ್ಲಾಸು ಹಳೆಯ ಹೆಂಚಿನ ಕಟ್ಟಡದಲ್ಲಿ ಇರಲಿಲ್ಲ. ಅದರ ಪಕ್ಕದಲ್ಲಿ ಹೊಸದಾಗಿ ಶೀಟ್ ಹಾಕಿ ಮಾಡಿದ ಕೋಣೆ ಅದು. ಹೆಂಚಿನ ಮೇಲೆ ಬೀಳುವ ಮಳೆಗೂ ತಗಡಿನ ಶೀಟ್ ಮೇಲೆ ಬೀಳುವ ಮಳೆಗೂ ಇರುವ ವ್ಯತ್ಯಾಸ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ಶೀಟ್ ಕೆಳಗೆ ಜೋರು ಮಳೆ ಬಂದರೆ ನನ್ನ ದನಿ ನನಗೇ ಕೇಳುವುದಿಲ್ಲ. ಅದಕ್ಕೆ ನಾನು ಕಿರುಚುತ್ತಿದ್ದೆ. ನಾನು ಕಿರುಚಿದರೆ ಮಕ್ಕಳೂ ಜೋರಾಗಿ ಉತ್ತರ ಹೇಳುತ್ತಿದ್ದರು. ನಾವೆಲ್ಲ ಸೇರಿ ಅವನ ಕಿವಿಯ ಮೇಲೆ ಮೂರು ಪದರ ಸದ್ದು ಸುರಿಯುತ್ತಿದ್ದೆವು. ಅವನು ಹೆಂಚಿನ ಜಗಲಿಗೆ ಓಡಿದ್ದು ಯಾಕೆ ಅಂತ ಈಗ ಹೇಳಬೇಕಾ?

ಇದು ಹೊಸ ವಿಷಯವೇನೂ ಅಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 1943ರಲ್ಲಿ 11 ಮಕ್ಕಳ ಬಗ್ಗೆ ಒಂದು ಪ್ರಬಂಧ ಬರೆದರು. ಆಟಿಸಂ ಅನ್ನುವುದನ್ನು ಬೇರೆಯಾಗಿ ಗುರುತಿಸಿದ ಬರಹ ಅದು. ಈ ಮಕ್ಕಳಿಗೆ ಎಲ್ಲವೂ ಇದ್ದ ಹಾಗೇ ಇರಬೇಕು, ಜೋರು ಸದ್ದು ಅವರನ್ನು ಕಂಗೆಡಿಸುತ್ತದೆ ಅಂತ ಅವರು ಆಗಲೇ ಬರೆದಿದ್ದರು. ಆದರೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸದ್ದು, ಬೆಳಕು, ಸ್ಪರ್ಶ ಇವಕ್ಕೆ ತೀರಾ ಹೆಚ್ಚು ಅಥವಾ ತೀರಾ ಕಡಿಮೆ ಸ್ಪಂದಿಸುವುದು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ಎಪ್ಪತ್ತು ವರ್ಷ! ದೊಡ್ಡ ದೊಡ್ಡ ಡಾಕ್ಟರುಗಳಿಗೇ ಅಷ್ಟು ಕಾಲ ಬೇಕಾಯಿತು ಅಂದ ಮೇಲೆ ನನಗೆ ಎರಡು ತಿಂಗಳು ಬೇಕಾದದ್ದು ಪರವಾಗಿಲ್ಲ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಎಲ್ಲ ಮಕ್ಕಳಿಗೂ ಸದ್ದೇ ತೊಂದರೆ ಅಂತ ಅಲ್ಲ. ಒಬ್ಬಳಿಗೆ ಒದ್ದೆ ಸಾಕ್ಸ್ ಆಗಿರಬಹುದು. ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಕ್ಸ್ ಒಣಗುವುದೇ ಇಲ್ಲ, ಆದರೂ ಯೂನಿಫಾರ್ಮ್ ನಿಯಮ ಬದಲಾಗುವುದಿಲ್ಲ! ಒಬ್ಬನಿಗೆ ಮಧ್ಯಾಹ್ನ ಬಿಸಿಯೂಟದ ಸಾಂಬಾರಿನ ವಾಸನೆ, ಇನ್ನೊಬ್ಬನಿಗೆ ಟ್ಯೂಬ್‌ಲೈಟ್ ಮಿನುಗುವುದು. ಹಾಗೇ ಕಾರಣಗಳೂ ಬೇರೆ ಬೇರೆ. ಮಗು ಒಂದು ಸನ್ನಿವೇಶದಿಂದ ತಪ್ಪಿಸಿಕೊಳ್ಳಲು ಹಾಗೆ ಮಾಡುತ್ತಿರಬಹುದು. ಯಾರಾದರೂ ತನ್ನ ಕಡೆ ನೋಡಲಿ ಅಂತ ಇರಬಹುದು, ಬೇಕಾದ ವಸ್ತು ಸಿಗಲಿ ಅಂತ ಇರಬಹುದು. ಏನೂ ಇಲ್ಲ, ಮೈಗೆ ಹಿತ ಅನಿಸುತ್ತದೆ ಅಂತಲೂ ಇರಬಹುದು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಥರ ಕಾಣುತ್ತವೆ. ಗಮನ ಬೇಕಾದ ಮಗುವನ್ನು ಹೊರಗೆ ಕಳಿಸಿದರೆ ಅದಕ್ಕೆ ಶಿಕ್ಷೆ. ತಪ್ಪಿಸಿಕೊಳ್ಳಬೇಕಾದ ಮಗುವನ್ನು ಹೊರಗೆ ಕಳಿಸಿದರೆ ಅದಕ್ಕೆ ಬಹುಮಾನ. ಬಾಗಿಲು ಒಂದೇ. ಅದಕ್ಕೇ ಆ ಮೂರು ಕಾಲಂ ಬೇಕು.

ಇಲ್ಲಿ ನಾನು ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. ನಮ್ಮ ಸರ್ಕಾರಿ ಶಾಲೆಯವರಿಗೆ ಇದು ಮುಖ್ಯ ಅಂತ ನನಗೆ ಅನಿಸುತ್ತದೆ.

ಈ ಹುಡುಗ ಒಂದರಿಂದ ಮೂರನೇ ಕ್ಲಾಸಿನವರೆಗೆ ಅದೇ ಶಾಲೆಯಲ್ಲಿ ಇದ್ದ. ಅಲ್ಲಿ ಗಲಾಟೆ ಇರಲಿಲ್ಲವಾ ಅಂತ ಆ ಟೀಚರನ್ನು ಕೇಳಿದೆ. ‘ಅಷ್ಟೇನೂ ಇರಲಿಲ್ಲ ಮಾರಾಯ್ತಿ’ ಅಂದರು. ಅವರು ಇಲ್ಲಿಯವರು, ತುಳು ಬರುತ್ತದೆ, ಅದು ಒಂದು ಕಾರಣ. ಆದರೆ ಇನ್ನೊಂದು ಕಾರಣ ಅವರ ಕೋಣೆಯಲ್ಲೇ ಇತ್ತು. ಅದು ನಲಿ-ಕಲಿ ಕೋಣೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಅದನ್ನು ನಾವು ಎಷ್ಟೋ ಸಲ ತಮಾಷೆ ಮಾಡುತ್ತೇವೆ, ಕಾರ್ಡ್ ಜೋಡಿಸುವುದರಲ್ಲೇ ದಿನ ಹೋಯಿತು ಅಂತ. ಈಗ ಆಟಿಸಂ ಇರುವ ಮಗುವಿನ ಕಣ್ಣಿನಿಂದ ಆ ಕೋಣೆಯನ್ನು ನೋಡಿ. ಗೋಡೆಯ ಮೇಲೆ ಕಲಿಕಾ ಏಣಿ. ತಾನು ಎಲ್ಲಿದ್ದೇನೆ, ಮುಂದೆ ಯಾವ ಮೆಟ್ಟಿಲು ಅನ್ನುವುದು ಚಿತ್ರದಲ್ಲೇ ಕಾಣುತ್ತದೆ. ಪ್ರತಿ ಕೆಲಸಕ್ಕೂ ಒಂದು ಚಿತ್ರದ ಗುರುತು, ಒಂದು ಕಾರ್ಡ್. ಕೂರುವುದು ಯಾವ ಗುಂಪಿನ ತಟ್ಟೆಯ ಹತ್ತಿರ ಅಂತ ಗೊತ್ತು. ಟೀಚರ್ ಸಹಾಯ ಬೇಕಾದವರಿಗೆ ಒಂದು ತಟ್ಟೆ, ತಾವೇ ಮಾಡುವವರಿಗೆ ಇನ್ನೊಂದು. ಗೋಡೆಯ ಸುತ್ತ ಮಗುವಿನ ಎತ್ತರಕ್ಕೆ ಕಪ್ಪುಹಲಗೆ. ದಿನಾ ಬೆಳಿಗ್ಗೆ ಹವಾಮಾನ ನಕ್ಷೆಯಲ್ಲಿ ಬಿಸಿಲಾ, ಮೋಡವಾ, ಮಳೆಯಾ ಅಂತ ಗುರುತು. ತನ್ನ ವೇಗಕ್ಕೆ ತಾನು ಕಲಿಯಬಹುದು.

ವಿದೇಶದಲ್ಲಿ ಆಟಿಸಂ ಮಕ್ಕಳಿಗೆ ಇಂಥದ್ದನ್ನೇ ಹೇಳಿಕೊಡುತ್ತಾರೆ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಎರಿಕ್ ಶಾಪ್ಲರ್ ಮತ್ತು ಜೊತೆಗಾರರು ಕಟ್ಟಿದ ‘ಟೀಚ್’ ಕಾರ್ಯಕ್ರಮ 1972ರಿಂದ ಇಡೀ ರಾಜ್ಯದ್ದಾಗಿ ನಡೆಯಿತು. ಅದರ ತಿರುಳು ಇಷ್ಟೇ: ಎಲ್ಲಿ ಕೂರಬೇಕು, ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ಮುಗಿಯುತ್ತದೆ, ಆಮೇಲೆ ಏನು ಅನ್ನುವುದು ಮಗುವಿನ ಕಣ್ಣಿಗೆ ಕಾಣಬೇಕು. ಕಿವಿಗೆ ಹೇಳಿದರೆ ಸಾಲದು. ನಮ್ಮ ನಲಿ-ಕಲಿ ಮಾಡಿದವರು ಆಟಿಸಂ ಅಂತ ಯೋಚಿಸಿ ಮಾಡಿದ್ದಲ್ಲ. ಆದರೂ ಆ ಹುಡುಗನಿಗೆ ಅದು ಹೊಂದಿಕೊಂಡಿತ್ತು.

ನಾಲ್ಕನೇ ಕ್ಲಾಸಿಗೆ ಬರುವಾಗ ಏಣಿ ಹೋಯಿತು. ಕಾರ್ಡ್ ಹೋಯಿತು, ತಟ್ಟೆ ಹೋಯಿತು, ನಕ್ಷೆಯೂ ಹೋಯಿತು. ಬೆಂಚು ಬಂತು, ನಾನು ಬಂದೆ, ಬಾಯಿ ಬಂತು. ಎಲ್ಲವೂ ನನ್ನ ಬಾಯಿಂದಲೇ ಬರುತ್ತಿತ್ತು. ಅವನು ‘ಹದಗೆಟ್ಟದ್ದು’ ನಾಲ್ಕನೇ ಕ್ಲಾಸಿನಲ್ಲಿ ಅಂತ ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹದಗೆಟ್ಟದ್ದು ಕೋಣೆ. ನನಗೆ ಈಗಲೂ ಅನಿಸುವುದು, ನಾಲ್ಕನೇ ಕ್ಲಾಸಿನ ಜೂನ್ ತಿಂಗಳಲ್ಲಿ ಇಂಥ ಎಷ್ಟು ಮಕ್ಕಳಿಗೆ ನಾವು ‘ಹಟಮಾರಿ’ ಅಂತ ಹೆಸರು ಇಟ್ಟಿದ್ದೇವೋ ಅಂತ.

ಸರಿ, ಆಮೇಲೆ ಏನು ಮಾಡಿದೆ ಅಂತ ಹೇಳುತ್ತೇನೆ.

ಮೊದಲು ಜಾಗ ಬದಲಾಯಿಸಿದೆ. ಬಾಗಿಲ ಪಕ್ಕದ ಬೆಂಚು, ಗೋಡೆಗೆ ಒರಗಿ. ಹಿಂದಿನಿಂದ ಯಾರೂ ಮುಟ್ಟುವುದಿಲ್ಲ, ಹೆಂಚಿನ ಜಗಲಿ ಹತ್ತಿರ. ಜೋರು ಮಳೆ ಬಂದರೆ ಬಾಯಿ ಪಾಠ ನಿಲ್ಲಿಸಿ ಎಲ್ಲರಿಗೂ ಬರೆಯುವ ಕೆಲಸ ಕೊಡುವುದು ಅಂತ ಮಾಡಿದೆ. ಇದರಿಂದ ನನ್ನ ಗಂಟಲೂ ಉಳಿಯಿತು.

ಆಮೇಲೆ ಕಾರ್ಡ್. ಹಳೆಯ ಮದುವೆ ಕಾಗದ ಕತ್ತರಿಸಿ, ಒಂದು ಬದಿಗೆ ಅಡ್ಡ ಹಿಡಿದ ಅಂಗೈ ಚಿತ್ರ ಬಿಡಿಸಿ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಯಾವು’ ಅಂತ ಬರೆದೆ. ಕಾರ್ಡ್ ಎತ್ತಿದರೆ ಅವನು ಜಗಲಿ ದಾಟಿ ಕೈ ತೊಳೆಯುವ ನಲ್ಲಿಯವರೆಗೆ ಹೋಗಿ ಬರಬಹುದು. ಯಾರೂ ಏನೂ ಕೇಳುವ ಹಾಗಿಲ್ಲ. ಮೊದಲ ಕೆಲವು ದಿನ ಕಾರ್ಡ್ ತೋರಿಸುವುದನ್ನು ಅವನಿಗೆ ಕಲಿಸಬೇಕಾಯಿತು. ಮುಖ ಗಂಟಿಕ್ಕುತ್ತದೆ, ಬೆರಳು ಕಿವಿಗೆ ಹೋಗುತ್ತದೆ ಅಂದ ಕೂಡಲೇ, ಕಿರುಚುವ ಮೊದಲೇ, ಅವನ ಕೈಗೆ ಕಾರ್ಡ್ ಕೊಟ್ಟು ಎತ್ತಿಸಿ ಹೊರಗೆ ಬಿಡುತ್ತಿದ್ದೆ. ಕಿರುಚಿದ ಮೇಲೆ ಕಾರ್ಡ್ ಕೊಟ್ಟರೆ ಮತ್ತೆ ಹಳೆಯ ಪಾಠವೇ ಆಗುತ್ತದೆ.

1985ರಲ್ಲಿ ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ನಾಲ್ಕು ಮಕ್ಕಳ ಜೊತೆ ಇಂಥದ್ದನ್ನು ಮಾಡಿ ನೋಡಿದ್ದರು. ಕೆಲಸ ಕಷ್ಟವಾಗಿ ಗಲಾಟೆ ಮಾಡುವ ಮಗುವಿಗೆ ‘ನನಗೆ ಅರ್ಥವಾಗಲಿಲ್ಲ’ ಅನ್ನಲು ಕಲಿಸಿದರು. ಗಮನ ಸಿಗಲಿ ಅಂತ ಗಲಾಟೆ ಮಾಡುವ ಮಗುವಿಗೆ ‘ನಾನು ಸರಿಯಾಗಿ ಮಾಡ್ತಿದ್ದೇನಾ’ ಅಂತ ಕೇಳಲು ಕಲಿಸಿದರು. ಸರಿಯಾದ ಮಾತು ಸರಿಯಾದ ಮಗುವಿಗೆ ಸಿಕ್ಕಾಗ ಗಲಾಟೆ ಇಳಿಯಿತು. ಮಾತು ಅದಲುಬದಲಾದರೆ ಇಳಿಯಲಿಲ್ಲ. ನನ್ನ ಹುಡುಗನಿಗೆ ಹೊಸ ಮಾತು ಕಲಿಸಬೇಕಾಗಿಯೇ ಇರಲಿಲ್ಲ, ಅವನ ಹತ್ತಿರ ಇತ್ತು. ಕಳೆದುಕೊಂಡದ್ದನ್ನು ವಾಪಸ್ ಕೊಡಬೇಕಿತ್ತು ಅಷ್ಟೇ.

ಸ್ಟಾಫ್ ರೂಮಿನಲ್ಲಿ ಎರಡು ಆಕ್ಷೇಪ ಬಂದವು. ಒಂದು, ‘ಇದು ತಲೆ ಮೇಲೆ ಕೂರಿಸಿಕೊಂಡ ಹಾಗೆ ಆಗಲಿಲ್ವಾ?’ ಅಂತ. ನೋಡಿ, ಮೊದಲೂ ಅವನು ಹೊರಗೇ ಹೋಗುತ್ತಿದ್ದ. ಆಗ ಹತ್ತು ನಿಮಿಷ ಕಿರುಚಿ, ಪೂರ್ತಿ ಪೀರಿಯಡ್ ಹೊರಗೆ. ಈಗ ಸದ್ದಿಲ್ಲದೆ ಮೂರು ನಿಮಿಷ ಹೊರಗೆ. ಲಾಭ ಯಾರಿಗೆ? ಇಲ್ಲೊಂದು ಸೂಕ್ಷ್ಮ ಇದೆ. ವಾಪಸ್ ಬಂದಾಗ ಲೆಕ್ಕ ಅಲ್ಲೇ ಇರಬೇಕು. ಹತ್ತು ಲೆಕ್ಕ ಇದ್ದದ್ದು ಮೂರಾಗಿರಲಿ, ಆದರೆ ಮಾಯವಾಗಬಾರದು. ಮಾಯವಾದರೆ ಕಾರ್ಡ್ ವಿಶ್ರಾಂತಿಯ ಕಾರ್ಡ್ ಆಗಿ ಉಳಿಯುವುದಿಲ್ಲ, ತಪ್ಪಿಸಿಕೊಳ್ಳುವ ಕಾರ್ಡ್ ಆಗುತ್ತದೆ. ಶುರುವಿನಲ್ಲಿ ಎತ್ತಿದ ಪ್ರತಿ ಸಲವೂ ಬಿಡಬೇಕು. ನಂಬಿಕೆ ಬಂದ ಮೇಲೆ ‘ಇನ್ನು ಒಂದು ಲೆಕ್ಕ, ಆಮೇಲೆ’ ಅನ್ನಬಹುದು. ಅದಕ್ಕೆ ನನಗೆ ಒಂದೂವರೆ ತಿಂಗಳು ಬೇಕಾಯಿತು.

ಎರಡನೇ ಆಕ್ಷೇಪ, ‘ನಾಳೆ ಎಲ್ಲರೂ ಕಾರ್ಡ್ ಕೇಳುತ್ತಾರೆ.’ ಕೇಳಿದರು! ಒಂದು ವಾರ ಅರ್ಧ ಕ್ಲಾಸು ‘ಯಾವು ಟೀಚರ್, ಯಾವು ಟೀಚರ್’. ಕೊಟ್ಟೆ. ನಲ್ಲಿಯವರೆಗೆ ಹೋಗಿ ಬಂದರು. ಅಲ್ಲಿ ನಲ್ಲಿ ಬಿಟ್ಟರೆ ಬೇರೇನೂ ಇಲ್ಲ. ಎರಡನೇ ವಾರಕ್ಕೆ ಬೇಜಾರಾಯಿತು. ನಿಜವಾಗಿ ಬೇಕಾದ ಇಬ್ಬರು ಮಾತ್ರ ಉಳಿದರು. ಎರಡನೆಯವಳು ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಿದ್ದ ಹುಡುಗಿ ಅಂತ ಆಗ ಗೊತ್ತಾಯಿತು.

ಒಂದು ಎಚ್ಚರಿಕೆ. ಕಿರುಚಿದರೆ ಹೊರಗೆ ಕಳಿಸುವುದನ್ನು ನಿಲ್ಲಿಸಿದಾಗ ಮೊದಲ ನಾಲ್ಕೈದು ದಿನ ಕಿರುಚಾಟ ಇಮ್ಮಡಿ ಆಯಿತು. ಇದು ಆಗುವಂಥದ್ದೇ. ಅಂಗಡಿಗೆ ಹೋಗಿ ‘ಓಯ್’ ಅಂತ ಕರೆಯುತ್ತೀರಿ. ದಿನಾ ಬರುತ್ತಿದ್ದವನು ಇವತ್ತು ಬರಲಿಲ್ಲ. ತಕ್ಷಣ ಮನೆಗೆ ಹೋಗುತ್ತೀರಾ? ಇಲ್ಲ, ಇನ್ನೂ ಜೋರಾಗಿ ಕರೆಯುತ್ತೀರಿ, ಡಬ್ಬಿ ಬಡಿಯುತ್ತೀರಿ. ಮಗುವೂ ಅಷ್ಟೇ. ‘ಈ ಉಪಾಯ ನಡೆಯುವುದಿಲ್ಲ’ ಅಂತ ಎಷ್ಟೋ ಶಿಕ್ಷಕರು ಬಿಡುವುದು ಸರಿಯಾಗಿ ಈ ನಾಲ್ಕೈದು ದಿನದಲ್ಲಿ. ಹೆಡ್‌ಮಾಸ್ಟರಿಗೂ, ಮನೆಯವರಿಗೂ, ಪಕ್ಕದ ಕ್ಲಾಸಿನವರಿಗೂ ಮೊದಲೇ ಹೇಳಿ ಇಡಿ. ಮಗು ತನ್ನ ತಲೆ ಗೋಡೆಗೆ ಹೊಡೆದುಕೊಳ್ಳುವಂಥದ್ದು ಇದ್ದರೆ ಮಾತ್ರ ಇದನ್ನು ಒಬ್ಬರೇ ಮಾಡಲು ಹೋಗಬೇಡಿ, ತಿಳಿದವರು ಪಕ್ಕದಲ್ಲಿ ಇರಲಿ.

ಇನ್ನು ದಿನದ ಪಟ್ಟಿ. ಬೆಂಚಿನ ಮೇಲೆ ಒಂದು ಉದ್ದ ರಟ್ಟಿನ ಪಟ್ಟಿ, ಅದರಲ್ಲಿ ಪ್ರಾರ್ಥನೆ, ಕನ್ನಡ, ಹಾಲು, ಗಣಿತ ಅಂತ ಚಿತ್ರಗಳು. ಮುಗಿದದ್ದನ್ನು ತೆಗೆದು ಡಬ್ಬಿಗೆ ಹಾಕುವುದು. ಇದು ಚೆನ್ನಾಗಿ ನಡೆಯಿತು. ಆದರೆ ಈ ಜಿಲ್ಲೆಯಲ್ಲಿ ಒಂದು ದೊಡ್ಡ ಸಮಸ್ಯೆ ಉಂಟು, ಅದು ಯಾವ ಪುಸ್ತಕದಲ್ಲೂ ಇಲ್ಲ. ರೆಡ್ ಅಲರ್ಟ್! ಬೆಳಿಗ್ಗೆ ಯೂನಿಫಾರ್ಮ್ ಹಾಕಿ, ಬುತ್ತಿ ಕಟ್ಟಿ, ಚೀಲ ಹೆಗಲಿಗೆ ಏರಿಸಿದ ಮೇಲೆ ಜಿಲ್ಲಾಧಿಕಾರಿಗಳ ರಜೆಯ ಸುದ್ದಿ ಮೊಬೈಲಿಗೆ ಬರುತ್ತದೆ. ಬೇರೆ ಮಕ್ಕಳಿಗೆ ಹಬ್ಬ. ಈ ಹುಡುಗನಿಗೆ ಲೋಕ ತಲೆಕೆಳಗಾದ ಹಾಗೆ. ಅವನು ಮಳೆಯಲ್ಲೇ ಶಾಲೆಗೆ ನಡೆದು ಬಂದು ಬೀಗ ಹಾಕಿದ ಗೇಟ್ ಅಲ್ಲಾಡಿಸುತ್ತಿದ್ದ. ಅವನ ಅಮ್ಮ ಬೀಡಿ ಕಟ್ಟುತ್ತಾರೆ. ಬ್ರಾಂಚಿಗೆ ಬೀಡಿ ಕೊಟ್ಟು ಬರುವ ದಿನವೇ ಇದಾದರೆ ಆ ಹೆಂಗಸು ಎಲ್ಲಿಗೆ ಹೋಗಬೇಕು?

ನಾನು ನಲಿ-ಕಲಿ ಕೋಣೆಯಿಂದ ಹವಾಮಾನ ನಕ್ಷೆ ಎರವಲು ತಂದೆ. ಅದರ ಒಂದು ಪ್ರತಿ ಅವನ ಮನೆಯ ಬಾಗಿಲ ಹಿಂದೆ ಅಂಟಿಸಿದೆವು. ಮಳೆಯ ಚಿತ್ರದ ಪಕ್ಕ ಎರಡು ಜೇಬು, ಒಂದರಲ್ಲಿ ‘ಶಾಲೆ’, ಒಂದರಲ್ಲಿ ‘ಮನೆ’. ರಾತ್ರಿ ಜೋರು ಮಳೆ ಇದ್ದರೆ ಅಮ್ಮ ಮಲಗುವ ಮೊದಲು ಎರಡೂ ಜೇಬು ತೋರಿಸುತ್ತಿದ್ದರು: ನಾಳೆ ಇದಾದರೂ ಆಗಬಹುದು, ಅದಾದರೂ ಆಗಬಹುದು. ಬೆಳಿಗ್ಗೆ ಸುದ್ದಿ ಬಂದ ಮೇಲೆ ಒಂದು ಕಾರ್ಡ್ ತೆಗೆಯುವುದು. ‘ಮನೆ’ ಬಂದರೆ ಆ ದಿನಕ್ಕೆ ಬೇರೆ ಪಟ್ಟಿ ರೆಡಿ ಇರುತ್ತಿತ್ತು. ಬದಲಾವಣೆಯನ್ನು ತಪ್ಪಿಸಲು ನಮ್ಮಿಂದ ಆಗಲಿಲ್ಲ. ಬದಲಾವಣೆಗೂ ಪಟ್ಟಿಯಲ್ಲಿ ಒಂದು ಜಾಗ ಕೊಟ್ಟೆವು. ಎಲ್ಲ ಸಲವೂ ಇದು ಕೆಲಸ ಮಾಡಿತು ಅಂತ ಹೇಳುವುದಿಲ್ಲ. ಗೇಟಿನವರೆಗೆ ಬರುವುದು ನಿಂತಿತು.

ಈಗ ನಾನು ಜಗಳ ಆಡುವ ಜಾಗಕ್ಕೆ ಬಂದೆ. ವರ್ತನೆ ತಿದ್ದುವುದು ಅಂದ ಕೂಡಲೇ ನಾವು ಕೇಳದೆ ಬಿಡುವ ಒಂದು ಪ್ರಶ್ನೆ ಇದೆ. ಇದನ್ನು ಯಾಕೆ ತಿದ್ದಬೇಕು? ಕೈ ಅಲ್ಲಾಡಿಸುತ್ತಾನೆ, ಕುರ್ಚಿಯಲ್ಲಿ ತೂಗುತ್ತಾನೆ, ಮುಖ ನೋಡದೆ ಉತ್ತರ ಹೇಳುತ್ತಾನೆ. ಅದರಿಂದ ಯಾರಿಗೆ ನೋವಾಯಿತು? ಅದು ಅವನು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ದಾರಿ. ‘ಕೈ ಕಟ್ಟು, ಬಾಯಿ ಮುಚ್ಚು, ನನ್ನ ಮುಖ ನೋಡು’ ಅಂತ ನಾವು ಹೇಳುವುದು ಕಲಿಕೆಗಾಗಿ ಅಲ್ಲ, ನಮ್ಮ ಕಣ್ಣಿಗೆ ಚೆಂದ ಕಾಣಲಿ ಅಂತ. ಕೈ ಕಟ್ಟಿ ಕೂತಿರುವುದಕ್ಕೇ ಶಕ್ತಿಯೆಲ್ಲ ಖರ್ಚಾದರೆ ಪಾಠ ಕೇಳಲು ಏನು ಉಳಿಯುತ್ತದೆ?

ವರ್ತನೆ ತಿದ್ದುವ ಈ ವಿದ್ಯೆಯ ಇತಿಹಾಸದಲ್ಲಿ ಕಪ್ಪು ಪುಟಗಳಿವೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಈವಾರ್ ಲೋವಾಸ್ ಇಂಥ ಮಕ್ಕಳ ಮೇಲೆ ಏಟು, ಕರೆಂಟ್ ಶಾಕ್ ಕೂಡ ಬಳಸಿದ್ದರು. ಆ ದಾರಿಯ ತರಬೇತಿಯನ್ನು ಇವತ್ತು ಅತಿ ಹೆಚ್ಚು ಟೀಕಿಸುತ್ತಿರುವವರು ದೊಡ್ಡವರಾದ ಆಟಿಸಂ ಉಳ್ಳವರೇ. ಅವರಲ್ಲಿ ಒಬ್ಬರು, ಬ್ರಿಟನ್ನಿನ ಡೇಮಿಯನ್ ಮಿಲ್ಟನ್, 2012ರಲ್ಲಿ ಒಂದು ಮಾತು ಬರೆದರು. ಅರ್ಥ ಮಾಡಿಕೊಳ್ಳುವ ತೊಂದರೆ ಒಂದೇ ಕಡೆ ಇರುವುದಲ್ಲ, ಎರಡೂ ಕಡೆ ಇದೆ. ಅವರು ನಮ್ಮನ್ನು ಓದಲು ಕಷ್ಟಪಡುವ ಹಾಗೇ ನಾವೂ ಅವರನ್ನು ಓದಲಾರೆವು. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ‘ಯಾವು’ ಕೇಳಿ ಭಾಗಾಕಾರ ವಿವರಿಸಿದವಳು.

ಆದರೂ ಗಲಾಟೆ ಆಗಿಯೇ ಆಗುತ್ತದೆ ಕೆಲವು ದಿನ. ಆ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿ. ‘ಯಾಕೆ ಹೀಗೆ ಮಾಡ್ತೀಯಾ, ನೋಡು ಎಲ್ಲರೂ ನೋಡ್ತಿದ್ದಾರೆ’ ಬೇಡ. ಹಿಡಿದು ಅದುಮಬೇಡಿ. ಉಳಿದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದು ಕೆಲವೊಮ್ಮೆ ಅವನನ್ನು ಹೊರಗೆ ಎಳೆಯುವುದಕ್ಕಿಂತ ಸುಲಭ. ಫ್ಯಾನ್ ನಿಲ್ಲಿಸಿ, ಲೈಟ್ ಆರಿಸಿ, ಸ್ವಲ್ಪ ದೂರದಲ್ಲಿ ಸುಮ್ನೆ ಕೂತುಕೊಳ್ಳಿ. ಹಟಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಹಟ ಮಾಡುವ ಮಗು ನಿಮ್ಮ ಕಡೆ ಓರೆಗಣ್ಣಿನಲ್ಲಿ ನೋಡುತ್ತಿರುತ್ತದೆ, ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ಇದು ಹಾಗಲ್ಲ, ಕೊಟ್ಟರೂ ನಿಲ್ಲುವುದಿಲ್ಲ, ಇಳಿಯುವವರೆಗೆ ಕಾಯಬೇಕು. ಇಳಿದ ಮೇಲೆ ನೀರು ಕೊಡಿ. ಉಪದೇಶ ಆ ದಿನಕ್ಕೆ ಬೇಡ.

ಕಾನೂನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಸಂಘಟಕರು ಕೇಳಿದ್ದಾರೆ. 1995ರ ಹಳೆಯ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದು ಇದೆ. ವೈಕಲ್ಯ ಶೇಕಡಾ 40ಕ್ಕೆ ಕಡಿಮೆ ಇಲ್ಲ ಅಂತ ಪ್ರಮಾಣಪತ್ರ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ‘ನಿಮ್ಮ ಮಗುವಿಗೆ ನಮ್ಮಲ್ಲಿ ಆಗುವುದಿಲ್ಲ, ಟಿಸಿ ತೆಗೆದುಕೊಳ್ಳಿ’ ಅಂತ ಮೆಲ್ಲನೆ ಹೇಳುವವರು ಇದ್ದಾರೆ. ಬಾಯಿ ಮಾತಿಗೆ ಒಪ್ಪಬೇಡಿ, ಬರವಣಿಗೆಯಲ್ಲಿ ಕೊಡಿ ಅನ್ನಿ. ಮಾತು ಅಲ್ಲಿಗೇ ಬದಲಾಗುವುದನ್ನು ನಾನು ನೋಡಿದ್ದೇನೆ.

ಆಮೇಲೆ ಪ್ರಶ್ನೆಗಳು ಬಂದವು. ಕೆಲವನ್ನು ಇಲ್ಲಿ ಸೇರಿಸುತ್ತೇನೆ.

ಮಂಗಳೂರಿನಿಂದ ಬಂದಿದ್ದ ತಂದೆಯೊಬ್ಬರು ಕೇಳಿದರು: ‘ಶಾಲೆಯವರು ಶ್ಯಾಡೋ ಟೀಚರ್ ಇಡಿ, ಸಂಬಳ ನೀವೇ ಕೊಡಿ ಅನ್ನುತ್ತಾರೆ. ಇಡಬೇಕಾ?’ ಶ್ಯಾಡೋ ಟೀಚರ್ ಅಂದರೆ ಆ ಒಂದು ಮಗುವಿಗಾಗಿಯೇ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುವ ಸಹಾಯಕರು. ದುಡ್ಡಿನ ಭಾರ ಮನೆಯವರ ಮೇಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದು ಒಂದು. ಇನ್ನೊಂದು, ಪಕ್ಕದಲ್ಲಿ ದಿನವಿಡೀ ಒಬ್ಬರು ದೊಡ್ಡವರು ಕೂತರೆ ಟೀಚರ್ ಆ ಮಗುವಿನ ಕಡೆ ನೋಡುವುದನ್ನೇ ಬಿಡುತ್ತಾರೆ, ಮಕ್ಕಳೂ ಹತ್ತಿರ ಬರುವುದಿಲ್ಲ. ಇಡಲೇಬೇಕಾದ ಮಕ್ಕಳು ಇದ್ದಾರೆ. ಆಗಲೂ ಆ ವ್ಯಕ್ತಿ ಮಗುವಿನ ಪಕ್ಕ ಅಲ್ಲ, ಕ್ಲಾಸಿನ ಹಿಂದೆ ಕೂರಲಿ. ಎಲ್ಲ ಮಕ್ಕಳಿಗೂ ಸಹಾಯ ಮಾಡಲಿ. ಯಾವ ತಿಂಗಳಿಂದ ಎಷ್ಟು ಹಿಂದೆ ಸರಿಯುತ್ತಾರೆ ಅಂತ ಮೊದಲೇ ಮಾತಾಡಿ.

ಒಬ್ಬರು ಟೀಚರ್: ‘ಬಹುಮಾನ, ಸ್ಟಿಕ್ಕರ್ ಕೊಡಬಹುದಾ?’ ಕೊಡಿ, ಆದರೆ ಮಗುವಿಗೆ ಸ್ಟಿಕ್ಕರ್ ಬೇಕಾ ಅಂತ ನೋಡಿ. ನಮ್ಮ ಹುಡುಗನಿಗೆ ಸ್ಟಿಕ್ಕರ್ ಅಂದರೆ ಬೆರಳಿಗೆ ಅಂಟುವ ಕಿರಿಕಿರಿ. ಅವನಿಗೆ ಬೇಕಾದದ್ದು ಬಸ್ಸು. ಶಿರ್ವ, ಕಟಪಾಡಿ, ಹಿರಿಯಡ್ಕ, ಎಲ್ಲ ಬಸ್ಸಿನ ಬೋರ್ಡು, ಸಮಯ ಬಾಯಿಪಾಠ. ಮೊದಲು ಮೂರು ಲೆಕ್ಕ, ಆಮೇಲೆ ಬಸ್ ಟೈಮ್ ಟೇಬಲ್. ಸ್ವಲ್ಪ ದಿನದ ಮೇಲೆ ಲೆಕ್ಕವೇ ಬಸ್ಸಿನದಾಯಿತು. 9:10ಕ್ಕೆ ಹೊರಟದ್ದು 9:35ಕ್ಕೆ ಮುಟ್ಟಿದರೆ ಎಷ್ಟು ನಿಮಿಷ? ಒಮ್ಮೆ ನನ್ನ ಲೆಕ್ಕ ತಪ್ಪು ಅಂದ. ಆ ಹೊತ್ತಿಗೆ ಅಂಥ ಬಸ್ಸೇ ಇಲ್ಲವಂತೆ.

ಹಿಂದಿನ ಸಾಲಿನಿಂದ ಹಿರಿಯ ಶಿಕ್ಷಕರೊಬ್ಬರು ಎದ್ದರು: ‘ಮೇಡಂ, ನಲ್ವತ್ತು ಮಕ್ಕಳು, ಆಧಾರ್, ಆನ್‌ಲೈನ್ ಎಂಟ್ರಿ, ಮೊಟ್ಟೆ ಲೆಕ್ಕ. ಇದರ ನಡುವೆ ನಿಮ್ಮ ಮೂರು ಕಾಲಂ ಬರೆಯಲು ಸಮಯ ಎಲ್ಲಿ?’ ನ್ಯಾಯವಾದ ಪ್ರಶ್ನೆ. ನಾನು ಎರಡು ವಾರ ಮಾತ್ರ ಬರೆದೆ, ದಿನಕ್ಕೆ ನಾಲ್ಕು ಸಾಲು. ಕಿರುಚಾಟಕ್ಕೆ ದಿನಾ ಅರ್ಧ ಪೀರಿಯಡ್ ಕೊಡುತ್ತಿದ್ದೆನಲ್ಲ, ಆ ಸಮಯದಿಂದಲೇ ತೆಗೆದುಕೊಂಡೆ. ಅವರು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಒಪ್ಪಬೇಕಾಗಿಯೂ ಇಲ್ಲ. ನಲ್ವತ್ತು ಮಕ್ಕಳಿಗೆ ಒಬ್ಬರೇ ಟೀಚರ್ ಅನ್ನುವುದು ಕಾರ್ಡಿನಿಂದ ಸರಿಯಾಗುವ ವಿಷಯ ಅಲ್ಲ.

ಶಾಲೆಯ ವಾರ್ಷಿಕೋತ್ಸವಕ್ಕೆ ಚೆಂಡೆ, ಹುಲಿವೇಷದ ತಾಸೆ ಎಲ್ಲ ಇತ್ತು. ಅವತ್ತು ಅವನು ಏನು ಮಾಡಿದ ಅಂತ ಒಬ್ಬರು ತಾಯಿ ಕೇಳಿದರು. ಅವನು ಬರಲಿಲ್ಲ. ನಾನು ತಯಾರಿ ಮಾಡಲಿಲ್ಲ. ಡ್ಯಾನ್ಸ್ ಕಲಿಸುವ ಗಡಿಬಿಡಿಯಲ್ಲಿ ಮರೆತೆ. ಅವನ ಅಮ್ಮ ಗೇಟಿನವರೆಗೆ ಕರೆದುಕೊಂಡು ಬಂದು, ತಾಸೆಯ ಸದ್ದು ಕೇಳಿ ವಾಪಸ್ ಹೋದರಂತೆ. ನನಗೆ ಮರುದಿನ ಗೊತ್ತಾಯಿತು.

ಹೊರಡುವ ಮೊದಲು, ಮುಂದಿನ ಮೇಜಿನ ಮೇಲೆ ಕಾರ್ಡುಗಳನ್ನು ಇಟ್ಟಿದ್ದೇನೆ. ಬೇಕಾದವರು ತೆಗೆದುಕೊಳ್ಳಿ. ಕನ್ನಡದಲ್ಲಿ ‘ಸಾಕು’ ಇದೆ, ತುಳುವಿನಲ್ಲಿ ‘ಯಾವು’, ಕೊಂಕಣಿಯಲ್ಲಿ ‘ಪುರೋ’. ಕೆಲವು ಕಾರ್ಡಿನಲ್ಲಿ ಅಂಗೈ ಮಾತ್ರ ಇದೆ, ಕೆಳಗೆ ಖಾಲಿ ಬಿಟ್ಟಿದ್ದೇನೆ. ಬ್ಯಾರಿ ಮಾತಾಡುವವರು, ಉರ್ದು ಮಾತಾಡುವವರು, ಕುಂದಾಪುರದವರು ಇಲ್ಲಿ ಇದ್ದೀರಿ. ನಿಮ್ಮ ಮನೆಯ ಮಗು ಬೇಡವಾದಾಗ ಏನು ಅನ್ನುತ್ತದೆಯೋ ಅದನ್ನೇ ಬರೆಯಿರಿ. ಪೆನ್ ಅಲ್ಲೇ ಇದೆ. ಬರೆದದ್ದನ್ನು ಟೀಚರಿಗೆ ಒಂದು ಸಲ ಓದಿ ಹೇಳಿ ಕೊಡಿ, ಅವರು ಗದಗ ಕಡೆಯವರೂ ಆಗಿರಬಹುದು.